ನಾಯಿಯ ತಲೆಗೂ ಬೇಕು ಕೆಲಸ

ಕಳೆದ ಬೇಸಿಗೆ ರಜೆಯಲ್ಲಿ ಒಂದು ಸಂಜೆ, ಹನ್ನೊಂದು ವರ್ಷದ ಹುಡುಗನೊಬ್ಬನನ್ನು ಅವನ ತಂದೆ ಗಾಬರಿಯಿಂದ ನನ್ನ ಕ್ಲಿನಿಕ್ಕಿಗೆ ಕರೆತಂದರು. ಬಲಗೈಗೆ ನಾಯಿ ಕಚ್ಚಿತ್ತು. ಕಚ್ಚಿದ್ದು ಬೀದಿ ನಾಯಿಯಲ್ಲ, ಮೂರು ವರ್ಷದಿಂದ ಮನೆಯಲ್ಲೇ ಬೆಳೆದ ಅಲ್ಸೇಷಿಯನ್. ಗಾಯಕ್ಕೆ ಅರಿಸಿನ ಮೆತ್ತಿದ್ದರು. ಅದನ್ನೆಲ್ಲ ತೆಗೆದು, ನಲ್ಲಿಯ ನೀರಿನಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆಸಿದೆ. ನಾಯಿ ಕಚ್ಚಿದಾಗ ಮನೆಯಲ್ಲೇ ಮೊದಲು ಮಾಡಬೇಕಾದ ಕೆಲಸ ಇದು.

'ಹೊಕ್ಕುಳ ಸುತ್ತ ಹದಿನಾಲ್ಕು ಚುಚ್ಚಬೇಕಾ ಡಾಕ್ಟ್ರೇ?' ಎಂದು ತಂದೆ ಕೇಳಿದರು. ಆ ಹಳೆಯ ಲಸಿಕೆ ನಮ್ಮ ದೇಶದಲ್ಲಿ 2005ರ ಹೊತ್ತಿಗೇ ನಿಂತುಹೋಗಿದೆ, ಹೆದರಿಕೆ ಮಾತ್ರ ಇನ್ನೂ ಉಳಿದಿದೆ. ಗಾಯದ ಸುತ್ತ ಇಮ್ಯುನೊಗ್ಲೋಬ್ಯುಲಿನ್ ಕೊಟ್ಟು, ತೋಳಿಗೆ ಮೊದಲ ಲಸಿಕೆ ಹಾಕಿದೆವು. ಆಮೇಲೆ 3, 7, 14 ಮತ್ತು 28ನೇ ದಿನ ಒಂದೊಂದು. ನಾಯಿಗೆ ಲಸಿಕೆ ಆಗಿತ್ತು. ಹತ್ತು ದಿನ ಅದರ ಮೇಲೆ ಕಣ್ಣಿಟ್ಟರು, ಅದು ಆರೋಗ್ಯವಾಗಿಯೇ ಇತ್ತು. ಮೈಯಲ್ಲಿ ನೋವಿದ್ದರೂ ನಾಯಿ ಕಚ್ಚುವುದುಂಟು. ಆದ್ದರಿಂದ ಪಶುವೈದ್ಯರಿಗೂ ತೋರಿಸಲು ಹೇಳಿದೆ. ಅಲ್ಲೂ ಯಾವ ದೋಷವೂ ಕಾಣಲಿಲ್ಲ.

ಹಾಗಾದರೆ ಕಚ್ಚಿದ್ದೇಕೆ? 'ಅದಕ್ಕೇನು ಕಡಿಮೆ ಮಾಡಿದ್ದೇವೆ ಹೇಳಿ? ಎರಡು ಹೊತ್ತು ಊಟ, ವಾರಕ್ಕೊಂದು ಸ್ನಾನ, ಕಾಲಕಾಲಕ್ಕೆ ಇಂಜೆಕ್ಷನ್' ಎಂದರು ತಂದೆ. ಅದರ ದಿನಚರಿ ಕೇಳಿದೆ. ಬೆಳಿಗ್ಗೆ ಐದು ನಿಮಿಷ ಗೇಟಿನ ಹೊರಗೆ. ಆಮೇಲೆ ರಾತ್ರಿ ಎಂಟರವರೆಗೆ ಪೋರ್ಟಿಕೊದ ಕಂಬಕ್ಕೆ ಸರಪಳಿ. ಕಳೆದ ಆರು ತಿಂಗಳಿಂದ ಮುಂಗಾಲನ್ನು ನೆಕ್ಕಿ ನೆಕ್ಕಿ ಹುಣ್ಣು ಮಾಡಿಕೊಂಡಿತ್ತಂತೆ. ತನ್ನ ಬಾಲದ ಹಿಂದೆ ತಾನೇ ಸುತ್ತುತ್ತಿತ್ತಂತೆ. ಸಿಕ್ಕ ಚಪ್ಪಲಿಯನ್ನೆಲ್ಲ ಕಚ್ಚಿ ಹಾಕುತ್ತಿತ್ತು. ಅಂದು ಹುಡುಗ ಅದರ ಬಾಯಿಂದ ಚಪ್ಪಲಿ ಕಿತ್ತುಕೊಳ್ಳಲು ಹೋಗಿದ್ದ. ಇಡೀ ದಿನದಲ್ಲಿ ಅದಕ್ಕೆ ಸಿಕ್ಕಿದ್ದ ಒಂದೇ ಒಂದು ಕಸುಬು ಆ ಚಪ್ಪಲಿ!

ನಾನು ಪಶುವೈದ್ಯನಲ್ಲ. ಆದರೆ ಮನೆ ನಾಯಿ ಕಚ್ಚಿಸಿಕೊಂಡು ಬರುವ ಮಕ್ಕಳನ್ನು ಇಪ್ಪತ್ತು ವರ್ಷಗಳಿಂದ ನೋಡುತ್ತಿರುವವನಾಗಿ ಒಂದು ಮಾತು ಹೇಳಬಲ್ಲೆ. ನಾವು ನಾಯಿಯ ಹೊಟ್ಟೆಯನ್ನು ನೋಡಿಕೊಳ್ಳುತ್ತೇವೆ, ತಲೆಯನ್ನು ಮರೆಯುತ್ತೇವೆ. ಅದೂ ಬುದ್ಧಿವಂತ ತಳಿಯ ನಾಯಿಯನ್ನೇ ದುಡ್ಡು ಕೊಟ್ಟು ಹುಡುಕಿ ತಂದು!

ಅಲ್ಸೇಷಿಯನ್ ಅಥವಾ ಜರ್ಮನ್ ಷೆಫರ್ಡ್ ತಳಿಯನ್ನು ಜರ್ಮನಿಯಲ್ಲಿ ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಸ್ ಎಂಬ ಸೇನಾಧಿಕಾರಿ 1899ರಿಂದ ರೂಪಿಸಿದ್ದು ಕುರಿ ಕಾಯುವ ನಾಯಿಗಳಿಂದ. ದಿನವಿಡೀ ಮಂದೆಯ ಸುತ್ತ ಓಡಾಡಿ, ಕುರುಬನ ಸನ್ನೆ ನೋಡಿ, ತಾನೇ ತೀರ್ಮಾನ ಮಾಡಬೇಕಾದ ಪ್ರಾಣಿ ಅದು. ಲ್ಯಾಬ್ರಡಾರ್ ಬೇಟೆಯ ಹಕ್ಕಿಯನ್ನು ಹೆಕ್ಕಿ ತರುವುದಕ್ಕೆ ಹೆಸರಾದದ್ದು. ನಮ್ಮ ಮುಧೋಳ ನಾಯಿ ದೂರದ ಚಲನೆಯನ್ನು ಕಣ್ಣಲ್ಲೇ ಹಿಡಿದು ಬೆನ್ನಟ್ಟುವ ಬೇಟೆಗಾರ. ಇಂಥವನ್ನು ಕಂಬಕ್ಕೆ ಕಟ್ಟಿ 'ಸುಮ್ಮನಿರು' ಎಂದರೆ ಹೇಗೆ?

ನಾಯಿ ಎಷ್ಟು ಕಲಿಯಬಲ್ಲದು ಎಂಬುದಕ್ಕೆ ಅಮೆರಿಕದ ಚೇಸರ್ ಎಂಬ ಬಾರ್ಡರ್ ಕಾಲಿ ನಾಯಿಯ ಕಥೆ ಸಾಕು. ಜಾನ್ ಪಿಲ್ಲಿ ಎಂಬ ನಿವೃತ್ತ ಮನಶ್ಶಾಸ್ತ್ರ ಪ್ರಾಧ್ಯಾಪಕರು ಮೂರು ವರ್ಷ ಕೂತು ಅದಕ್ಕೆ 1022 ಆಟಿಕೆಗಳ ಹೆಸರು ಕಲಿಸಿದರು. ಹೆಸರು ಹೇಳಿದರೆ ರಾಶಿಯಿಂದ ಅದನ್ನೇ ಆರಿಸಿ ತರುತ್ತಿತ್ತು. 2011ರಲ್ಲಿ ಇದು ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾಯಿತು. ಕೆನಡಾದ ಸ್ಟ್ಯಾನ್ಲಿ ಕೋರೆನ್ 1994ರ ತಮ್ಮ ಪುಸ್ತಕದಲ್ಲಿ ಮಾಡಿದ ಪಟ್ಟಿಯಲ್ಲೂ ಬಾರ್ಡರ್ ಕಾಲಿಗೇ ಮೊದಲ ಸ್ಥಾನ, ಜರ್ಮನ್ ಷೆಫರ್ಡ್‌ಗೆ ಮೂರನೆಯದು. ಆದರೆ ಅದು ಹೆಚ್ಚಾಗಿ ಹೇಳಿದ್ದನ್ನು ಕೇಳುವ ಜಾಣತನದ ಪಟ್ಟಿ. ಬಸ್ಸು ಲಾರಿಗಳ ನಡುವೆ ರಸ್ತೆ ದಾಟುವ ನಮ್ಮ ನಾಡ ನಾಯಿಯ ಬುದ್ಧಿಗೆ ಅಂಕ ಕೊಡುವವರು ಯಾರು?

ಆ ಮನೆಯವರಿಗೆ ನಾನು ಹೇಳಿದ್ದು ದುಬಾರಿ ಆಟಿಕೆಗಳನ್ನಲ್ಲ. ಮೊದಲನೆಯದಾಗಿ, ಊಟವನ್ನು ತಟ್ಟೆಯಲ್ಲಿ ಸುರಿಯಬೇಡಿ. ಅಂಗಡಿಯ ಒಣ ತಿನಿಸಾದರೆ ಹಿತ್ತಲ ಹುಲ್ಲಿನಲ್ಲಿ ಎರಚಿಬಿಡಿ, ಮೂಸಿ ಮೂಸಿ ಹುಡುಕಿ ತಿನ್ನಲಿ. ಒಂದು ನಿಮಿಷದ ಊಟ ಅರ್ಧ ಗಂಟೆಯ ಕೆಲಸವಾಗುತ್ತದೆ. ಚಪಾತಿ ಚೂರುಗಳನ್ನು ಹಳೆಯ ಟವೆಲ್ಲಿನಲ್ಲಿ ಸುತ್ತಿ ಕೊಟ್ಟರೆ ಬಿಡಿಸಿಕೊಳ್ಳಲು ಕಲಿಯುತ್ತದೆ. ಮೂರು ಸ್ಟೀಲ್ ಲೋಟ ಬೋರಲು ಹಾಕಿ, ಒಂದರಡಿ ಕ್ಯಾರೆಟ್ ಚೂರಿಟ್ಟು 'ಎಲ್ಲಿದೆ?' ಎನ್ನಿ. ಮಕ್ಕಳಿಗೆ ಕಣ್ಣಾಮುಚ್ಚಾಲೆ ಹೇಳಿಕೊಡಬೇಕೆ? ದೊಡ್ಡವರೊಬ್ಬರು ನಾಯಿಯನ್ನು ಹಿಡಿದುಕೊಳ್ಳಲಿ, ಮಗು ಬಾಗಿಲ ಹಿಂದೆ ಅಡಗಿ ಕೂಗಲಿ. ಆಮೇಲೆ ವಸ್ತುಗಳ ಹೆಸರು. ಚೆಂಡು, ಹಗ್ಗ, ಪೇಪರು ಎಂದು ಒಂದೊಂದೇ. ಒಂದು ಬಾರಿಗೆ ಹತ್ತು ನಿಮಿಷ ಮೀರುವುದು ಬೇಡ. ಬೇಸರ ಬರುವ ಮೊದಲೇ ನಿಲ್ಲಿಸಿದರೆ ನಾಳೆ ತಾನೇ ಬಂದು ಕರೆಯುತ್ತದೆ.

ವಾಕಿಂಗ್ ವಿಷಯದಲ್ಲಿ ನನ್ನದೊಂದು ದೂರಿದೆ. ಬೆಳಿಗ್ಗೆ ನೋಡುತ್ತಿರುತ್ತೇನೆ, ನಾಯಿ ಲೈಟು ಕಂಬ ಮೂಸಲು ನಿಂತರೆ ಸಾಕು, ಯಜಮಾನರು ಪಟ್ಟಿ ಹಿಡಿದು ದರದರನೆ ಎಳೆಯುತ್ತಾರೆ. ನಾವು ಬೆಳಿಗ್ಗೆ ಪೇಪರು ಓದುವ ಹಾಗೆ ಅದು ಕಂಬ ಓದುತ್ತದೆ! ದಿನಕ್ಕೊಮ್ಮೆಯಾದರೂ ಅದು ನಿಂತಲ್ಲಿ ನಾವೂ ನಿಲ್ಲೋಣ.

ಕೆಲವು ಎಚ್ಚರಿಕೆಗಳು. ಲೇಸರ್ ದೀಪದ ಚುಕ್ಕೆಯನ್ನು ಬೆನ್ನಟ್ಟಿಸುವ ಆಟ ಬೇಡ. ಎಂದೂ ಕೈಗೆ ಸಿಗದ ಬೇಟೆ ಅದು. ಕೆಲವು ನಾಯಿಗಳು ಆಮೇಲೆ ಕಂಡ ನೆರಳನ್ನೆಲ್ಲ ಅಟ್ಟುತ್ತ ಗೀಳು ಹಚ್ಚಿಕೊಳ್ಳುತ್ತವೆ. ಹೊಟ್ಟೆ ತುಂಬಿದ ಕೂಡಲೇ ಓಡಿಸಬೇಡಿ. ನುಂಗಬಲ್ಲ ಸಣ್ಣ ಚೆಂಡು ಅಪಾಯ. ಆಟದ ಬಹುಮಾನವೆಂದು ಚಾಕೊಲೇಟ್, ದ್ರಾಕ್ಷಿ, ಈರುಳ್ಳಿ ಹಾಕಿದ ತಿಂಡಿ ಕೊಡಬಾರದು, ಅವು ನಾಯಿಗೆ ವಿಷ. ಬಾಯಲ್ಲಿರುವುದನ್ನು ಮಕ್ಕಳು ಕಿತ್ತುಕೊಳ್ಳಲೇಬಾರದು. ಇನ್ನೊಂದು ತಿನಿಸು ತೋರಿಸಿ ಬದಲಾಯಿಸಿಕೊಳ್ಳುವುದನ್ನು ದೊಡ್ಡವರು ಕಲಿಸಬೇಕು. ಒಳ್ಳೆಯ ನಾಯಿ ದಿಢೀರನೆ ಸ್ವಭಾವ ಬದಲಿಸಿದರೆ ಆಟವಲ್ಲ, ಮೊದಲು ಪಶುವೈದ್ಯರು.

'ಆಡಿಸಿದರೆ ನಾಯಿ ಮೆತ್ತಗಾಗುತ್ತದೆ, ಕಟ್ಟಿ ಹಾಕಿದರೇ ಚುರುಕು' ಎನ್ನುವವರಿದ್ದಾರೆ. ನಮ್ಮ ತಂದೆಯವರೂ ಹಾಗೇ ನಂಬಿದ್ದರು, ನಮ್ಮ ಮನೆಯ ನಾಯಿಯೂ ಮಾವಿನ ಮರದ ಬುಡದಲ್ಲೇ ಆಯುಸ್ಸು ಸವೆಸಿತು. ಅದು ಕಳ್ಳನನ್ನು ಹಿಡಿದದ್ದು ನಾನು ಕಾಣೆ. ಹಾಲಿನವನನ್ನು ಎರಡು ಸಲ ಕಚ್ಚಿತ್ತು. ದಿನಕ್ಕೊಂದು ಗಂಟೆಯೂ ಬಿಡುವಿಲ್ಲದವರು ಇಂಥ ನಾಯಿಯನ್ನು ತರದಿರುವುದೇ ಒಳ್ಳೆಯದೆಂದು ನಾನು ಖಂಡಿತವಾಗಿ ಹೇಳುತ್ತೇನೆ, ಬೇಸರಪಟ್ಟುಕೊಂಡರೂ ಸರಿಯೇ.

ಹುಡುಗ ಐದನೆಯ ಚುಚ್ಚುಮದ್ದಿಗೆ ಬಂದಾಗ ಜೊತೆಗೆ ಅಜ್ಜಿಯೂ ಬಂದಿದ್ದರು. ಅವರು ಮಡಿಯವರು, ನಾಯಿಯನ್ನು ಮುಟ್ಟುವವರಲ್ಲ. ಆದರೆ ಮಧ್ಯಾಹ್ನ ಮನೆಯಲ್ಲಿರುವವರು ಅವರೊಬ್ಬರೇ. 'ಮುಟ್ಟಲ್ಲಪ್ಪ ನಾನು. ಚಪಾತಿ ಚೂರು ತುಳಸಿಕಟ್ಟೆ ಹಿಂದೆ, ಒಗೆಯೋ ಕಲ್ಲಿನ ಸಂದಿಲಿ ಬಚ್ಚಿಟ್ಟು ಒಳಗೆ ಬಂದು ಸರಪಳಿ ಬಿಚ್ಚು ಅಂತ ಕೆಲಸದವಳಿಗೆ ಹೇಳ್ತೀನಿ. ಕಿಟಕೀಲಿ ನಿಂತು ನೋಡ್ತೀನಿ. ಕಳ್ಳಮುಂಡೇದು, ಎಲ್ಲಿಟ್ಟರೂ ಹುಡುಕತ್ತೆ' ಎಂದರು. ಕಾಲಿನ ಹುಣ್ಣು ಅರ್ಧ ಮಾಗಿದೆಯಂತೆ. ಗ್ಯಾಸ್ ಸಿಲಿಂಡರಿನವನನ್ನು ಕಂಡರೆ ಮಾತ್ರ ಈಗಲೂ ಬೊಗಳುತ್ತದಂತೆ.