ಪ್ರತಿಭಟಿಸಿದ ಕವಿಗೆ ಊರು ಸಲ್ಲಿಸಬೇಕಾದ ಋಣ

ಗತಿಸಿದ ಕವಿಗಳನ್ನೂ ಗಾಯಕರನ್ನೂ ಸ್ಮರಿಸುವ ವಿಷಯದಲ್ಲಿ ಧಾರವಾಡದವರು ಎಂದೂ ಕೃಪಣರಾದವರಲ್ಲ. ಸಾಧನಕೇರಿಯಲ್ಲಿ ಬೇಂದ್ರೆಯವರ ಹೆಸರಿನ ಭವನವುಂಟು. ಮಲ್ಲಿಕಾರ್ಜುನ ಮನ್ಸೂರರು ಬಾಳಿದ ಮನೆ ಸಂಗೀತೋಪಾಸಕರಿಗೆ ಇಂದಿಗೂ ಯಾತ್ರಾಸ್ಥಳವಾಗಿದೆ. 1890ರಲ್ಲಿ ಸ್ಥಾಪಿತವಾದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಹಿರಿಯರ ಹೆಸರಿನ ದತ್ತಿ ಉಪನ್ಯಾಸಗಳು ನಡೆಯುತ್ತಲೇ ಇರುತ್ತವೆ. ಈ ಸತ್ಸಂಪ್ರದಾಯದ ಬಗ್ಗೆ ಯಾರಿಗೂ ಆಕ್ಷೇಪವಿರಲಾರದು. ಆದರೆ ಸ್ಮರಿಸಬೇಕಾದ ಕವಿಯು ಆಳುವವರ ಎದುರಿಗೆ ನಿಂತು ಪ್ರಜೆಯ ಹಕ್ಕಿಗಾಗಿ ಸೆರೆಮನೆಯನ್ನು ಕಂಡವನೂ, ತನ್ನ ಕಾಲದ ಸಾಹಿತ್ಯಪೀಠಗಳನ್ನೇ ಪ್ರಶ್ನಿಸಿದವನೂ, ಪಡೆದ ಪ್ರಶಸ್ತಿಯನ್ನು ಕೊಟ್ಟವರಿಗೇ ಮರಳಿಸಿದವನೂ ಆಗಿದ್ದಾಗ, ಹಾರ, ಭಾವಚಿತ್ರ, ಅಧ್ಯಕ್ಷೀಯ ಭಾಷಣಗಳಿಂದ ಸಂದಾಯವಾಗದ ಒಂದು ಋಣ ನಮ್ಮ ಮೇಲೆ ಉಳಿದುಬಿಡುತ್ತದೆ. 2022ರ ಜನವರಿ 10ರಂದು ನಮ್ಮನ್ನಗಲಿದ, ನಾಡೆಲ್ಲ ‘ಚಂಪಾ’ ಎಂದೇ ಕರೆದ ಚಂದ್ರಶೇಖರ ಪಾಟೀಲರ ವಿಷಯದಲ್ಲಿ ಈ ಋಣದ ಸ್ವರೂಪವೇನು, ಅದನ್ನು ತೀರಿಸುವ ಬಗೆ ಯಾವುದು ಎಂಬುದನ್ನು ಧಾರವಾಡದ ನಾಗರಿಕರು ವಿಚಾರಿಸಬೇಕಾಗಿದೆ.

ಅವರು ಜನಿಸಿದ್ದು 1939ರಲ್ಲಿ, ಅಂದು ಧಾರವಾಡ ಜಿಲ್ಲೆಗೆ ಸೇರಿದ್ದು ಇಂದು ಹಾವೇರಿ ಜಿಲ್ಲೆಯಲ್ಲಿರುವ ಹತ್ತಿಮತ್ತೂರಿನಲ್ಲಿ. ಕರ್ನಾಟಕ ಕಾಲೇಜಿನಲ್ಲಿಯೂ ಕರ್ನಾಟಕ ವಿಶ್ವವಿದ್ಯಾಲಯದಲ್ಲಿಯೂ ಇಂಗ್ಲೆಂಡಿನ ಲೀಡ್ಸ್‌ನಲ್ಲಿಯೂ ವ್ಯಾಸಂಗ ಮಾಡಿ, ವಿಶ್ವವಿದ್ಯಾಲಯದ ಇಂಗ್ಲಿಷ್ ವಿಭಾಗದಲ್ಲಿ ದೀರ್ಘಕಾಲ ಅಧ್ಯಾಪಕರಾಗಿದ್ದ ಅವರು ಜೀವಮಾನವಿಡೀ ಹೋರಾಡಿದ್ದು ಕನ್ನಡಕ್ಕಾಗಿ ಎಂಬುದರಲ್ಲಿ ವಿರೋಧಾಭಾಸವೇನೂ ಇಲ್ಲ. ಪರಭಾಷೆಯ ಸಂಪತ್ತನ್ನು ಚೆನ್ನಾಗಿ ಬಲ್ಲವನೇ, ತನ್ನ ಭಾಷೆಯವರು ಆ ಸಂಪತ್ತಿನ ಬಾಗಿಲಲ್ಲಿ ಯಾಚಕರಾಗಿ ನಿಲ್ಲಬಾರದೆಂದು ಹಟ ಹಿಡಿಯಬಲ್ಲನು.

1964ರಲ್ಲಿ ಚಂಪಾ, ಗಿರಡ್ಡಿ ಗೋವಿಂದರಾಜ ಮತ್ತು ಸಿದ್ಧಲಿಂಗ ಪಟ್ಟಣಶೆಟ್ಟಿ ಎಂಬ ಮೂವರು ತರುಣರು ಕೂಡಿ ಧಾರವಾಡದಲ್ಲಿ ‘ಸಂಕ್ರಮಣ’ ಪತ್ರಿಕೆಯನ್ನು ಆರಂಭಿಸಿದರು. ಸಾಹಿತ್ಯಪತ್ರಿಕೆಗಳನ್ನು ಹುಟ್ಟಿಸುವುದು ನಮ್ಮಲ್ಲಿ ಕಠಿಣವಲ್ಲ, ಉಳಿಸುವುದು ಕಠಿಣ. ನವ್ಯದ ಉತ್ಸಾಹದಲ್ಲಿ ಮೊಳೆತ ಪತ್ರಿಕೆಯನ್ನು, ಒಡನಾಡಿಗಳು ತಂತಮ್ಮ ದಾರಿ ಹಿಡಿದ ಮೇಲೆಯೂ ದಶಕಗಳ ಕಾಲ ನಡೆಸಿ, ಅದನ್ನು ಬಂಡಾಯ ಸಾಹಿತ್ಯದ ಮುಖವಾಣಿಯಾಗಿ ಪರಿವರ್ತಿಸಿದ್ದು ಚಂಪಾ ಅವರ ಸಾಹಸ. ಅದರಲ್ಲಿ ಅವರು ಬರೆಯುತ್ತಿದ್ದ ‘ಚಂಪಾದಕೀಯ’ಗಳನ್ನು ಮೆಚ್ಚಿ ಓದಿದವರೆಷ್ಟೋ, ಮುನಿದು ಓದಿದವರೂ ಅಷ್ಟೇ, ಓದದೆ ಬಿಟ್ಟವರು ಮಾತ್ರ ವಿರಳ. ಸರ್ಕಾರದ ಅನುದಾನವನ್ನಾಗಲಿ ಧನಿಕರ ಕೃಪೆಯನ್ನಾಗಲಿ ನೆಚ್ಚದೆ, ಚಂದಾದಾರರ ವಿಶ್ವಾಸದ ಬಲದಿಂದ ಮುದ್ರಣಗೊಳ್ಳುವ ಒಂದು ಸಣ್ಣ ಪತ್ರಿಕೆಯು ಭಿನ್ನಾಭಿಪ್ರಾಯಕ್ಕೆ ಕೊಡುವ ಆಶ್ರಯವು ಎಂತಹದೆಂಬುದು, ಅಂಥ ಪತ್ರಿಕೆಗಳು ಒಂದೊಂದಾಗಿ ಕಣ್ಮರೆಯಾಗುತ್ತಿರುವ ಈ ದಿನಗಳಲ್ಲಿ ನಮಗೆ ಹೆಚ್ಚಾಗಿ ಮನವರಿಕೆಯಾಗಬೇಕು.

1975ರ ಜೂನ್ 25ರ ರಾತ್ರಿ ದೇಶದ ಮೇಲೆ ತುರ್ತುಪರಿಸ್ಥಿತಿ ಹೇರಲ್ಪಟ್ಟಾಗ ಮೌನವಾಗಿರುವುದಕ್ಕೆ ವಿಶ್ವವಿದ್ಯಾಲಯದ ಅಧ್ಯಾಪಕನೊಬ್ಬನಿಗೆ ಕಾರಣಗಳ ಕೊರತೆಯಿರಲಿಲ್ಲ: ಉದ್ಯೋಗವಿತ್ತು, ಸಂಸಾರವಿತ್ತು, ಕೀರ್ತಿಯೂ ಇತ್ತು. ಜಯಪ್ರಕಾಶ ನಾರಾಯಣರ ಆಂದೋಲನದ ಪಕ್ಷ ವಹಿಸಿದ್ದ ಚಂಪಾ ಮೌನವನ್ನು ಆಯ್ದುಕೊಳ್ಳದೆ ಬಂಧನಕ್ಕೊಳಗಾದರು. ಆಳುವವರ ದರ್ಪವನ್ನು ಬೀದಿಯಲ್ಲಿ ನಿಲ್ಲಿಸಿ ನೋಡಿದ ‘ಜಗದಂಬೆಯ ಬೀದಿನಾಟಕ’, ‘ಗಾಂಧೀಸ್ಮರಣೆ’ಯ ಕವಿತೆಗಳು ಆ ಕಾಲದ ಕೃತಿಗಳು. ಅದಕ್ಕೆ ನಾಲ್ಕು ದಶಕಗಳ ಹಿಂದೆ, ‘ನರಬಲಿ’ ಎಂಬ ಕವಿತೆಯ ನಿಮಿತ್ತ ಬ್ರಿಟಿಷ್ ಸರ್ಕಾರವು ಬೇಂದ್ರೆಯವರನ್ನು ಸೆರೆಯಲ್ಲಿಟ್ಟು, ಅನಂತರ ಮುಗದದಲ್ಲಿ ನಿರ್ಬಂಧದಲ್ಲಿರಿಸಿತ್ತು. ಕವಿವಾಣಿಗೆ ಹೆದರಿದ್ದು ಒಮ್ಮೆ ಪರರ ಸರ್ಕಾರ, ಇನ್ನೊಮ್ಮೆ ನಾವೇ ಮತವಿತ್ತು ಕೂಡಿಸಿದ ಸರ್ಕಾರ. ಎರಡೂ ಸಲ ಬೆಲೆ ತೆತ್ತವರು ಧಾರವಾಡದ ಕವಿಗಳು. ಇವೆರಡನ್ನು ಒಂದೇ ಉಸಿರಿನಲ್ಲಿ ಸ್ಮರಿಸಿದಾಗಲೇ, ಸ್ವಾತಂತ್ರ್ಯವೆಂಬುದು 1947ರಲ್ಲಿ ಕೈಸೇರಿ ಮುಗಿದುಹೋದ ವಸ್ತುವಲ್ಲವೆಂಬ ಅರಿವು ನಮ್ಮ ಮಕ್ಕಳಲ್ಲಿ ಮೂಡೀತು.

ಅದೇ ತುರ್ತುಪರಿಸ್ಥಿತಿಯಲ್ಲಿ, 1976ರ ಏಪ್ರಿಲ್‌ನಲ್ಲಿ, ಬಂಧಿತನಾದ ಪ್ರಜೆಯು ತನ್ನ ವ್ಯಕ್ತಿಸ್ವಾತಂತ್ರ್ಯಕ್ಕಾಗಿ ನ್ಯಾಯಾಲಯದ ಮೊರೆಹೋಗುವ ಅಧಿಕಾರವೂ ಅಮಾನತಿನಲ್ಲಿದೆಯೆಂದು ಸರ್ವೋಚ್ಚ ನ್ಯಾಯಾಲಯದ ಐವರಲ್ಲಿ ನಾಲ್ವರು ನ್ಯಾಯಮೂರ್ತಿಗಳು ತೀರ್ಪಿತ್ತಾಗ, ಎಚ್. ಆರ್. ಖನ್ನಾ ಒಬ್ಬರೇ ಭಿನ್ನಮತವನ್ನು ಬರೆದಿಟ್ಟರು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಖಾಸಗಿತನದ ಹಕ್ಕಿನ ಮೊಕದ್ದಮೆಯಲ್ಲಿ, 41 ವರ್ಷಗಳ ತರುವಾಯ, 2017ರಲ್ಲಿ ಆ ಬಹುಮತದ ತೀರ್ಪು ರದ್ದಾಗಿ ಒಂಟಿ ನ್ಯಾಯಮೂರ್ತಿಯ ಮಾತಿಗೆ ಮನ್ನಣೆ ದೊರೆಯಿತು. ಭಿನ್ನಮತವು ಹುಟ್ಟುವಾಗ ಉಪದ್ರವವೆನಿಸಿಕೊಂಡು ಬೆಳೆದಾಗ ನ್ಯಾಯವಾಗುವ ಬಗೆ ಇದು. ಇಂದು ಒಬ್ಬ ಪ್ರತಿಭಟನಕಾರನನ್ನು ಜರೆಯುವ ಮುನ್ನ ನಾವು ಈ ನಿದರ್ಶನವನ್ನು ನೆನೆಯುವುದು ಲೇಸು.

ಚಂಪಾ ಅವರ ವಿರೋಧವು ಸರ್ಕಾರವೊಂದಕ್ಕೇ ಮೀಸಲಾಗಿರಲಿಲ್ಲ. 1979ರಲ್ಲಿ ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕಾಗಿ ಒಂದು ಗೋಷ್ಠಿ ಬೇಕೆಂಬ ಬೇಡಿಕೆಯನ್ನು ಸಾಹಿತ್ಯ ಪರಿಷತ್ತು ಮನ್ನಿಸದೆ ಹೋದಾಗ, ಅದೇ ಮಾರ್ಚ್ ತಿಂಗಳಲ್ಲಿ ಬೆಂಗಳೂರಿನಲ್ಲಿ ಬಂಡಾಯ ಸಾಹಿತಿಗಳ ಪ್ರತ್ಯೇಕ ಸಮ್ಮೇಳನವು ಕೂಡಿತು. ಆ ಚಳವಳಿಯ ಮುಂದಾಳುಗಳಲ್ಲಿ ಚಂಪಾ ಒಬ್ಬರು. ಅಂದು ಒಂದು ಗೋಷ್ಠಿಯ ಪ್ರಶ್ನೆಯಂತೆ ತೋರಿದ್ದು, ಅಕ್ಷರಲೋಕದ ಅಂಗಳದೊಳಗೆ ಕಾಲಿಡಲು ಯಾರಿಗೆ ಅಧಿಕಾರವುಂಟು, ಅದನ್ನು ನಿರ್ಣಯಿಸುವವರು ಯಾರು ಎಂಬ ಪ್ರಶ್ನೆಯಾಗಿತ್ತು. ಹೊರಗೆ ನಿಂತು ಬಾಗಿಲು ಬಡಿದ ಇದೇ ವ್ಯಕ್ತಿಯನ್ನು 2004ರಲ್ಲಿ ಕನ್ನಡಿಗರು ಅದೇ ಪರಿಷತ್ತಿನ ಅಧ್ಯಕ್ಷನನ್ನಾಗಿ ಚುನಾಯಿಸಿದರೆಂಬುದು, ಕನ್ನಡ ಸಮಾಜಕ್ಕೆ ತನ್ನ ವಿಮರ್ಶಕನನ್ನು ಅರಗಿಸಿಕೊಳ್ಳುವ ಶಕ್ತಿಯಿತ್ತೆಂಬುದರ ಪ್ರಮಾಣ.

ಭಾಷೆಯ ಹೋರಾಟದಲ್ಲಿಯೂ ಅವರು ಮುಂಚೂಣಿಯಲ್ಲಿದ್ದರು. ಗುಂಡೂರಾಯರ ಸರ್ಕಾರ ನೇಮಿಸಿದ ವಿ. ಕೃ. ಗೋಕಾಕರ ಸಮಿತಿಯು 1981ರಲ್ಲಿ ವರದಿಯನ್ನೊಪ್ಪಿಸಿ, ಪ್ರೌಢಶಾಲೆಗಳಲ್ಲಿ ಕನ್ನಡವೇ ಏಕೈಕ ಪ್ರಥಮ ಭಾಷೆಯಾಗಬೇಕೆಂದು ಹೇಳಿತು. ಆ ವರದಿ ಕಪಾಟಿನಲ್ಲಿ ಮಲಗುವ ಲಕ್ಷಣಗಳು ಕಂಡಾಗ ಮೊದಲು ದನಿಯೆತ್ತಿದವರಲ್ಲಿ ಧಾರವಾಡದ ಸಾಹಿತಿಗಳು ಪ್ರಮುಖರು. 1982ರಲ್ಲಿ ಚಿತ್ರನಟ ರಾಜಕುಮಾರರ ಪ್ರವೇಶದಿಂದ ಆ ಹೋರಾಟ ನಾಡಿನ ಮೂಲೆಮೂಲೆಗಳಿಗೆ ಹಬ್ಬಿತು. ಕನ್ನಡದ ಅಭಿಮಾನವು ಬೇರೊಂದು ಭಾಷೆಯವರ ದ್ವೇಷವಾಗಿ ಕೆಡದಂತೆ, ರೈತನ ಮಗನಿಗೂ ಕೂಲಿಯವನ ಮಗಳಿಗೂ ಜ್ಞಾನದಲ್ಲಿ ಪಾಲು ಕೊಡಿಸುವ ಸಾಧನವಾಗಬೇಕೆಂಬುದೇ ಬಂಡಾಯದ ದೃಷ್ಟಿಯಾಗಿತ್ತು. ಭಾಷೆಯ ಹಕ್ಕನ್ನು ಪ್ರಜೆಯ ಹಕ್ಕಿನೊಡನೆ ಹೀಗೆ ಹೆಣೆದ ಕಾರಣದಿಂದಲೇ ಚಂಪಾ ಅವರ ಕನ್ನಡಪ್ರೇಮಕ್ಕೆ ವಿಶೇಷ ಮಹತ್ತ್ವವಿದೆ.

ಇನ್ನು 2015ರ ಮಾತು. ಆ ವರ್ಷದ ಆಗಸ್ಟ್ 30ರ ಬೆಳಿಗ್ಗೆ ಇದೇ ಊರಿನ ಕಲ್ಯಾಣನಗರದಲ್ಲಿ, ವಚನಸಾಹಿತ್ಯದ ಮಹಾವಿದ್ವಾಂಸರಾದ ಎಂ. ಎಂ. ಕಲಬುರ್ಗಿಯವರು ಮನೆಯ ಬಾಗಿಲಲ್ಲಿಯೇ ಗುಂಡಿಗೆ ಬಲಿಯಾದರು. ಕೆಲವೇ ದಿನಗಳಲ್ಲಿ ಚಂಪಾ, ರಾಜ್ಯದ ಅತ್ಯುನ್ನತ ಸಾಹಿತ್ಯ ಗೌರವವಾದ ಪಂಪ ಪ್ರಶಸ್ತಿಯನ್ನು, ತನಿಖೆಯ ಮಂದಗತಿಯನ್ನು ಖಂಡಿಸಿ ಹಿಂದಿರುಗಿಸಿದರು. ಆಗ ರಾಜ್ಯದಲ್ಲಿ ಅಧಿಕಾರದಲ್ಲಿದ್ದ ಸರ್ಕಾರದೊಡನೆ ಅವರ ವಿಚಾರಗಳಿಗೆ ಅಂಥ ವೈರವೇನೂ ಇರಲಿಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು. ತುರ್ತುಪರಿಸ್ಥಿತಿಯಲ್ಲಿ ಯಾವ ಪಕ್ಷದ ಸರ್ಕಾರ ಅವರನ್ನು ಬಂಧಿಸಿತೋ, 2015ರಲ್ಲಿ ಅವರು ಪ್ರಶಸ್ತಿ ಮರಳಿಸಿದ್ದೂ ಅದೇ ಪಕ್ಷದ ಸರ್ಕಾರಕ್ಕೆ. ಆದರೆ ಆ ಹೊತ್ತಿಗೆ ಅವರ ತೀಕ್ಷ್ಣ ಟೀಕೆಗೆ ಹೆಚ್ಚಾಗಿ ಗುರಿಯಾಗುತ್ತಿದ್ದುದು ಆ ಪಕ್ಷದ ಎದುರಾಳಿಗಳು. ಕೇಂದ್ರ ಸರ್ಕಾರವು 2024ರಲ್ಲಿ, ತುರ್ತುಪರಿಸ್ಥಿತಿಯ ನೆನಪಿಗಾಗಿ, ಜೂನ್ 25ನ್ನು ‘ಸಂವಿಧಾನ ಹತ್ಯಾ ದಿವಸ’ವೆಂದು ಘೋಷಿಸಿತು. ಆ ನೆಪದಲ್ಲಿ ತುರ್ತುಪರಿಸ್ಥಿತಿಯ ಬಂದಿಯನ್ನು ಕೊಂಡಾಡುವವರು ಕೋಮುವಾದದ ವಿರುದ್ಧ ಗುಡುಗಿದ ಚಂಪಾ ಅವರನ್ನೂ ಒಪ್ಪಬೇಕಾಗುತ್ತದೆ. ಕೋಮುವಾದದ ವಿರೋಧಿಯನ್ನು ಹೊಗಳುವವರು ಸೆರೆಮನೆಯ ಚಂಪಾ ಅವರನ್ನು ಮರೆಯುವಂತಿಲ್ಲ. ಅರ್ಧ ಚಂಪಾ ಅವರನ್ನು ಆರಿಸಿಕೊಂಡು ಗೌರವಿಸುವುದು ಸಾಧ್ಯವಿಲ್ಲ.

ಅವರ ಲೇಖನಿ ಕಠೋರವಾಗಿತ್ತು, ಸಮಕಾಲೀನರನ್ನು ನೋಯಿಸಿತು, ಸ್ಥಾನಮಾನಗಳನ್ನು ಅವರೂ ಅನುಭವಿಸಿದರು, 2017ರ ಮೈಸೂರಿನ 83ನೆಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠದಿಂದ ರಾಜಕೀಯವನ್ನಾಡಿದರು ಎಂಬ ಆಕ್ಷೇಪಗಳುಂಟು. ಇವು ನಿರಾಧಾರವಾದವುಗಳಲ್ಲ. ಅಧ್ಯಕ್ಷಪೀಠವು ಪಕ್ಷರಾಜಕಾರಣದ ಸಮೀಪ ಸುಳಿಯಬಾರದೆಂಬ ಅಭಿಪ್ರಾಯವನ್ನು ನಾನೂ ಗೌರವಿಸುತ್ತೇನೆ. ಆದರೆ ಇನ್ನೊಬ್ಬರ ವಿಮರ್ಶೆಯನ್ನೇ ಕಾಯಕವಾಗಿಸಿಕೊಂಡವನನ್ನು ವಿಮರ್ಶೆಯಿಂದ ಪಾರುಮಾಡಿ ಪೂಜಾಪೀಠದಲ್ಲಿ ಕೂಡಿಸುವುದಕ್ಕಿಂತ ದೊಡ್ಡ ಅಪಚಾರವಿಲ್ಲ. ಅವರ ಹೆಸರಿನ ಸಭೆಯಲ್ಲಿ ಅವರನ್ನು ಒಪ್ಪದವರಿಗೂ ವೇದಿಕೆ ದೊರೆಯಬೇಕು; ದೊರೆಯದಿದ್ದರೆ ಅದು ಅವರ ಸಭೆಯೇ ಅಲ್ಲ.

ಹೋರಾಟಗಾರನ ಗದ್ದಲದಲ್ಲಿ ಕವಿ ಕಳೆದುಹೋಗಬಾರದೆಂಬ ಎಚ್ಚರವೂ ಬೇಕು. ಧಾರವಾಡದಲ್ಲಿ ಉಗಮಿಸಿ ನೆಲದೊಳಗೆ ಹರಿಯುವಳೆಂದು ಜನ ನಂಬಿದ ಶಾಲ್ಮಲೆಯ ಹೆಸರನ್ನು ತಮ್ಮ ಸಂಕಲನಕ್ಕಿಟ್ಟ ಈ ಕವಿಯೊಳಗೆ, ವ್ಯಂಗ್ಯದ ಅಡಿಯಲ್ಲಿ ಸುಕುಮಾರವಾದ ಪ್ರೇಮಗೀತಕಾರನಿದ್ದನು. ‘ಕೊಡೆಗಳು’, ‘ಅಪ್ಪ’, ‘ಗೋಕರ್ಣದ ಗೌಡಸಾನಿ’ಯಂತಹ ನಾಟಕಗಳ ಕರ್ತೃವಾಗಿ ಕನ್ನಡ ರಂಗಭೂಮಿಗೆ ಅವರು ಕೊಟ್ಟುದು ಅಲ್ಪವಲ್ಲ. ಪ್ರೀತಿಸಬಲ್ಲ ಹೃದಯವಿಲ್ಲದವನ ಪ್ರತಿಭಟನೆ ಬರಿಯ ಕಲಹವಾಗುತ್ತದೆ. ಅವರದು ಹಾಗಾಗದಂತೆ ಕಾಯ್ದದ್ದು ಈ ಕವಿತ್ವವೇ.

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದಾಗಿ, ‘ಸಂಕ್ರಮಣ’ದ ಸಂಚಿಕೆಗಳೆಲ್ಲ ಒಂದೆಡೆ ಸೇರಿ, ಗಣಕೀಕೃತವಾಗಿ, ಯಾವ ಊರಿನ ವಿದ್ಯಾರ್ಥಿಗೂ ಉಚಿತವಾಗಿ ಓದಲು ಸಿಗುವಂತಾಗಬೇಕು, ಕರ್ನಾಟಕ ವಿಶ್ವವಿದ್ಯಾಲಯವೂ ವಿದ್ಯಾವರ್ಧಕ ಸಂಘವೂ ಕೂಡಿ ಕೈಕೊಳ್ಳಬಹುದಾದ ಕಾರ್ಯವಿದು. ಎರಡನೆಯದಾಗಿ, ಅವರ ಬೀದಿನಾಟಕವು ಬೀದಿಗೇ ಮರಳಬೇಕು. ರೈಲು ನಿಲ್ದಾಣಕ್ಕೆ ಸಮೀಪದ ನಮ್ಮ ಮಾಳಮಡ್ಡಿ ಶಾಲೆಗಳ ನೆಲೆ. ಇಲ್ಲಿನ ಒಂದು ಶಾಲೆಯ ಬಯಲಿನಲ್ಲಿ ತರುಣರು ಸೇರಿ ವರ್ಷಕ್ಕೊಮ್ಮೆ ‘ಜಗದಂಬೆಯ ಬೀದಿನಾಟಕ’ವನ್ನು ಆಡಿದರೆ, ಅಧಿಕಾರವನ್ನು ಕಂಡು ನಗುವುದೂ ಪ್ರಜೆಯ ಹಕ್ಕುಗಳಲ್ಲೊಂದೆಂಬುದು ಉಪನ್ಯಾಸಗಳಿಲ್ಲದೆಯೇ ಮನಸ್ಸಿಗೆ ನಾಟುತ್ತದೆ. ಮೂರನೆಯದಾಗಿ, ಪ್ರತಿ ಜೂನ್ 25ರಂದು, ಯಾವ ಪಕ್ಷದ ಧ್ವಜವೂ ಇಲ್ಲದೆ, ಬೇಂದ್ರೆಯವರ ನಿರ್ಬಂಧವನ್ನೂ ಚಂಪಾ ಅವರ ಬಂಧನವನ್ನೂ ಕಲಬುರ್ಗಿಯವರ ಹತ್ಯೆಯನ್ನೂ ನೆನೆದು, ಆ ವರ್ಷ ನುಡಿದದ್ದಕ್ಕಾಗಿ ನೋವುಂಡವರ ಪರವಾಗಿ, ಅವರು ಯಾವ ಪಂಥದವರೇ ಆಗಿರಲಿ, ಊರು ಮಾತನಾಡಬೇಕು. ಸೇದದ ಬಾವಿಯ ನೀರು ಕೆಡುವಂತೆ ಚಲಾಯಿಸದ ಹಕ್ಕೂ ಕೆಡುತ್ತದೆ.

ನಾಲ್ಕನೆಯದು ಇವೆಲ್ಲಕ್ಕಿಂತ ಕಷ್ಟಸಾಧ್ಯವಾದುದು. ಪ್ರಾಥಮಿಕ ಶಿಕ್ಷಣದಲ್ಲಿ ಮಾತೃಭಾಷೆಯನ್ನು ರಾಜ್ಯವು ಕಡ್ಡಾಯಗೊಳಿಸಲಾಗದೆಂದು ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ನಿರ್ಣಯಿಸಿದ ಬಳಿಕ, ಕನ್ನಡ ಶಾಲೆಯ ಅಳಿವು ಉಳಿವು ಪಾಲಕರ ಮನಸ್ಸನ್ನು ಅವಲಂಬಿಸಿದೆ. ಪಾಲಕರ ಮನಸ್ಸು ಶಾಲೆಯ ಗುಣವನ್ನು ಅವಲಂಬಿಸಿದೆ. ಸೋರದ ಮಾಡು, ತರಗತಿಗೊಬ್ಬ ಶಿಕ್ಷಕ, ಇಂಗ್ಲಿಷನ್ನು ಭಾಷೆಯಾಗಿ ಸಮರ್ಥವಾಗಿ ಕಲಿಸುವ ವ್ಯವಸ್ಥೆ ಇಷ್ಟು ಇಲ್ಲದ ಕನ್ನಡ ಶಾಲೆಗೆ ಮಗುವನ್ನು ಕಳಿಸೆಂದು ಬಡ ತಾಯಿಗೆ ಬೋಧಿಸುವುದು ಅಭಿಮಾನವಲ್ಲ, ಅನ್ಯಾಯ. ಚಂಪಾ ಅವರ ಭಾವಚಿತ್ರಕ್ಕೆ ಹಾರ ಹಾಕುವ ಮಂತ್ರಿಗಳಿಂದಲೂ ಅಧಿಕಾರಿಗಳಿಂದಲೂ ನಾವು ಕೇಳಬೇಕಾದದ್ದು ಈ ಮೂರು ವಸ್ತುಗಳನ್ನು. ಕೊಡದೆ ಹೋದರೆ ಅದೇ ವೇದಿಕೆಯಲ್ಲಿ ಎದ್ದು ನಿಂತು ಮತ್ತೆ ಕೇಳಬೇಕು. ಆ ಪ್ರಶ್ನೆಯನ್ನು ಸಹಿಸುವ ಸರ್ಕಾರವೂ, ಕೇಳುವ ಧೈರ್ಯವುಳ್ಳ ಪ್ರಜೆಯೂ ಈ ಊರಿನಲ್ಲಿ ಉಳಿದಿರುವವರೆಗೆ ಚಂಪಾ ಅವರ ಬಾಳು ವ್ಯರ್ಥವಾಗಲಿಲ್ಲವೆಂದು ನಾವು ನಿಸ್ಸಂಕೋಚವಾಗಿ ಹೇಳಬಹುದು.