ಉಪ್ಪಾಗೆಗೂ ಬೇಕು ವರ್ತಕರ ಕೂಟ

ಅಡಿಕೆ ಬೆಳೆಗಾರರು 1923ರಲ್ಲೇ ಶಿರಸಿಯಲ್ಲಿ ತೋಟಗಾರ್ಸ್ ಸೊಸೈಟಿ ಕಟ್ಟಿಕೊಂಡರು. ಕಾಡಿನ ಉಪ್ಪಾಗೆಯ ವಹಿವಾಟಿಗೆ ಅಂಥ ಒಗ್ಗಟ್ಟು ಬರಲಿಲ್ಲ. 1990ರ ದಶಕದಲ್ಲಿ ಬೊಜ್ಜು ಕರಗಿಸುವ ಔಷಧಕ್ಕೆಂದು ವಿದೇಶಗಳಿಂದ ಬೇಡಿಕೆ ಬಂದಾಗ, ತಾನು ಬಿಟ್ಟರೆ ಇನ್ನೊಬ್ಬ ಕೊಯ್ದಾನೆಂಬ ಅವಸರದಲ್ಲಿ ಎಳೆಗಾಯಿಗಳನ್ನೇ ಉದುರಿಸಲಾಯಿತು, ರೆಂಬೆಗಳನ್ನೂ ಕಡಿಯಲಾಯಿತು. ಮಳೆಗಾಲದ ಫಸಲಾದ್ದರಿಂದ ಸಿಪ್ಪೆ ಒಣಗಿಸಲು ಉರಿಸಿದ ಸೌದೆಯೂ ಅದೇ ಕಾಡಿನದು. ಎಳೆಗಾಯಿಯಲ್ಲಿ ಬೀಜ ಬಲಿತಿರುವುದಿಲ್ಲ. ತುಪ್ಪವೂ ಇಲ್ಲ, ಸಸಿಯೂ ಇಲ್ಲ.

ಹಳ್ಳಿಯ ವರ್ತಕರು, ಕೊಯ್ಯುವವರು, ಒಣಗಿಸುವವರು ಸೇರಿ ವಾಣಿಜ್ಯ ಸಂಘ ಕಟ್ಟುವುದು ಸ್ವಾಗತಾರ್ಹವೇ. ದರದ ಮಾತು ಅಲ್ಲಿ ಹೇಗೂ ಬಂದೇ ಬರುತ್ತದೆ. ಅದಕ್ಕೂ ಮೊದಲು, ಗೊತ್ತುಪಡಿಸಿದ ದಿನಕ್ಕೆ ಮುನ್ನ ಕೊಯ್ದ ಕಾಯಿಯನ್ನು ಯಾವ ಅಂಗಡಿಯೂ ಕೊಳ್ಳಕೂಡದೆಂಬ ಕಟ್ಟಳೆಯಾಗಲಿ. ಒಬ್ಬ ವರ್ತಕ ತಪ್ಪಿದರೂ ಅದು ಮುರಿಯುತ್ತದೆ. ಆದ್ದರಿಂದ ಸೌದೆ ಉಳಿಸುವ ಒಲೆಗೆ ಸಂಘದ ಸಾಲವು ಕಟ್ಟಳೆ ಪಾಲಿಸಿದವರಿಗೆ ಮಾತ್ರ ದೊರೆಯಬೇಕು.