ಕಸಿಯಾದ ಮೇಲೂ ತಾಯ್ತನ

ಅಮೆರಿಕದ ಎಡಿತ್ ಹೆಲ್ಮ್ ಅವರಿಗೆ 1956ರಲ್ಲಿ ಅವಳಿ ಸೋದರಿಯ ಮೂತ್ರಪಿಂಡವನ್ನು ಬಾಸ್ಟನ್‌ನಲ್ಲಿ ಕಸಿ ಮಾಡಲಾಯಿತು. 1958ರಲ್ಲಿ ಅವರು ಗಂಡುಮಗುವನ್ನು ಹೆತ್ತರು. ಅಂಗಾಂಗ ಕಸಿಯ ಬಳಿಕ ತಾಯಿಯಾದ ಮೊದಲ ಮಹಿಳೆ ಎಂದು ವೈದ್ಯಲೋಕ ಅವರನ್ನು ಗುರುತಿಸುತ್ತದೆ. ತದ್ರೂಪಿ ಅವಳಿಯ ಅಂಗವಾದ್ದರಿಂದ ದೇಹ ಅದನ್ನು ತಿರಸ್ಕರಿಸಲಿಲ್ಲ.

ಆ ಅದೃಷ್ಟ ಉಳಿದವರಿಗಿಲ್ಲ. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆಗಳನ್ನು ಅವರು ಬಿಡುವಂತಿಲ್ಲ, ತೊಡಕಿರುವುದೂ ಅಲ್ಲೇ. ವ್ಯಾಪಕವಾಗಿ ಬಳಕೆಯಲ್ಲಿರುವ ಮೈಕೋಫೆನೊಲೇಟ್ ಗರ್ಭಪಾತಕ್ಕೂ ಶಿಶುವಿನ ಕಿವಿ, ತುಟಿಗಳ ವಿರೂಪಕ್ಕೂ ಕಾರಣವಾಗಬಲ್ಲದು. ಗರ್ಭಧಾರಣೆಗೆ ಕನಿಷ್ಠ ಆರು ವಾರ ಮೊದಲೇ ಅದನ್ನು ನಿಲ್ಲಿಸಿ, ವೈದ್ಯರ ನಿಗಾದಲ್ಲಿ ಅಜಥಯೊಪ್ರಿನ್‌ನಂಥ ಔಷಧಕ್ಕೆ ಬದಲಾಯಿಸಬೇಕು. ಕಸಿಯಾಗಿ ಒಂದು ವರ್ಷವಾದರೂ ಕಳೆದಿರಬೇಕು, ಮೂತ್ರಪಿಂಡ ಸ್ಥಿರವಾಗಿರಬೇಕು. ಇಷ್ಟಾದರೂ ರಕ್ತದೊತ್ತಡ, ಅವಧಿಪೂರ್ವ ಹೆರಿಗೆಯ ಅಪಾಯ ಸಾಮಾನ್ಯ ಗರ್ಭಿಣಿಯರಿಗಿಂತ ಹೆಚ್ಚು.

ಡಯಾಲಿಸಿಸ್ ಕಾಲದಲ್ಲಿ ನಿಂತಂತಿದ್ದ ಮುಟ್ಟು ಕಸಿಯಾದ ಕೆಲವೇ ತಿಂಗಳಲ್ಲಿ ಮರಳಬಹುದು ಎಂಬುದನ್ನು ನಮ್ಮಲ್ಲಿ ಎಷ್ಟು ಮಂದಿಗೆ ಹೇಳಲಾಗುತ್ತದೆ? ಮಾತ್ರೆ ಬದಲಾಗುವ ಮುನ್ನವೇ ಗರ್ಭ ನಿಲ್ಲುವ ಅಪಾಯ ಇರುವುದು ಇಲ್ಲೇ. ಗರ್ಭನಿರೋಧಕದ ಮಾತು ಆಸ್ಪತ್ರೆಯಿಂದ ಬಿಡುಗಡೆಯಾಗುವ ದಿನವೇ ಆಗಬೇಕು. ಅದೂ ಗಂಡನೊಂದಿಗೋ ಅತ್ತೆಯೊಂದಿಗೋ ಅಲ್ಲ, ಆಕೆಯೊಂದಿಗೆ. 'ಮಕ್ಕಳ ಆಸೆ ಬಿಡಿ' ಎಂದು ಸಾರಾಸಗಟಾಗಿ ಹೇಳಿಬಿಡುವುದು ಸಲಹೆಯಲ್ಲ, ಜಾರಿಕೆ. ಕಸಿ ನಡೆಸುವ ಪ್ರತಿ ಆಸ್ಪತ್ರೆಯೂ ಪ್ರಸೂತಿ ತಜ್ಞರನ್ನು ತನ್ನ ತಂಡಕ್ಕೆ ಸೇರಿಸಿಕೊಳ್ಳಲಿ. ಔಷಧಗಳ ಎಚ್ಚರಿಕೆಯನ್ನು ಕನ್ನಡದಲ್ಲೂ ಬರೆದುಕೊಡಲಿ.